ಮೂರನೇ ರೀಲು

ಅರಸೀಕೆರೆ ಜಂಕ್ಷನ್ನಿನ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ
ಎರಡು ತಿಂಗಳಿಗೊಂದು ಸಿನಿಮಾ.
ಗಾರ್ಡುಗಳ ಮನೆಯವರಿಗೆ ಕುರ್ಚಿ,
ಕ್ಲರ್ಕುಗಳಿಗೆ ಬೆಂಚು,
ನಮಗೆ, ಪಾಯಿಂಟ್ಸ್‌ಮನ್ನು ಗ್ಯಾಂಗ್‌ಮನ್ನುಗಳ ಮಕ್ಕಳಿಗೆ,
ಪರದೆಯ ಆ ಬದಿ.

ಆ ಬದಿಯಿಂದ ಎಲ್ಲರೂ ಎಡಗೈಯವರು.
ಗೋಡೆ ಗಡಿಯಾರ ಹಿಂದಕ್ಕೆ ಓಡುತ್ತಿತ್ತು,
ಅಕ್ಷರಗಳು ದಾರಿ ತಪ್ಪಿ ತಿರುಗಿ ಬಂದ ಇರುವೆಗಳು.
ಇಂಗ್ಲಿಷು ಹೇಗೂ ಬರುತ್ತಿರಲಿಲ್ಲ,
ನಷ್ಟವೇನಿಲ್ಲ.

ಆ ಸಲದ್ದು ಚಂದ್ರನಿಗೆ ಹೋಗುವ ಸಿನಿಮಾ.
ಒಬ್ಬ ಅಪ್ಪ, ಕೆಲಸ ಕಳಕೊಂಡವನೋ ರಜದಲ್ಲಿದ್ದವನೋ,
ಮನೆ ಮೇಲಿನ ನೀರಿನ ಟ್ಯಾಂಕಿಗೆ ಕಿಟಕಿ ಕೊರೆದು
ಹೆಂಡತಿ, ಎರಡು ಮಕ್ಕಳು, ಅತ್ತೆ, ಒಂದು ಬಾತುಕೋಳಿ
ಎಲ್ಲರನ್ನೂ ಕೂರಿಸಿಕೊಂಡು ಹಾರಿಯೇಬಿಟ್ಟ.
ಹಾರುವ ಮುಂಚೆ ಅತ್ತೆ ಕೆಳಗಿಳಿದು
ಬಾಗಿಲ ಬೀಗ ಎಳೆದು ನೋಡಿ ಬಂದಳು.
ನಾವು ಬಿದ್ದು ಬಿದ್ದು ನಕ್ಕೆವು.
ಕುರ್ಚಿಗಳ ಕಡೆಯಿಂದಲೂ ಅದೇ ಹೊತ್ತಿಗೆ ನಗು ಬಂತು.

ಎರಡನೇ ರೀಲು ಮುಗಿಯುವಾಗ
ಚಿಕ್ಕ ಹುಡುಗಿ ಚಂದ್ರನ ಮೇಲೆ ಒಬ್ಬಳೇ,
ಒಂದು ಕಾಲಲ್ಲಿ ಷೂ ಇಲ್ಲ,
ಬೆನ್ನ ಹಿಂದೆ ಯಾರದೋ ನೆರಳು.
ಆಮೇಲೆ ಬರೀ ಬಿಳಿ ಬೆಳಕು.

ಮೂರನೇ ರೀಲಿನ ಡಬ್ಬಿ ಬಂದಿರಲಿಲ್ಲ.
ಪಾರ್ಸೆಲ್ ಆಫೀಸಿನ ಪದ್ಮನಾಭಯ್ಯ ಎದ್ದು ನಿಂತು
ಬೀರೂರಿಗೆ ಹೋಗಿರಬೇಕು ಎಂದರು,
ಹಾಸನದಲ್ಲೇ ಉಳಿದಿರಬೇಕು ಎಂದರು,
ಕೂತುಬಿಟ್ಟರು.

ಆಗ ಎದ್ದವನು ಫೈರ್‌ಮನ್ ಅರುಳಪ್ಪ.
ಡ್ಯೂಟಿ ಮುಗಿಸಿ ನೇರ ಬಂದವನು,
ಕಿವಿಯ ಹಿಂದೆ ಇನ್ನೂ ಕಲ್ಲಿದ್ದಲ ಮಸಿ.
"ಈ ಚಿತ್ರ ನಾನು ಹುಬ್ಬಳ್ಳೀಲಿ ನೋಡಿದೀನಿ" ಅಂದ,
ಬೆಳಕಿನ ನಡುವೆ ಹೋಗಿ ನಿಂತ.
ನಮ್ಮ ಬದಿಗೆ ಅವನಿಗೆ ಮುಖವಿರಲಿಲ್ಲ.
ಎರಡು ದೊಡ್ಡ ಕೈ, ಅಷ್ಟೇ.

ಆ ಕೈಗಳೇ ಬಾವಿಯಾದವು. ಚಂದ್ರನಲ್ಲಿ ಬಾವಿ!
ರಾಟೆ ಕೀಚೆಂದದ್ದು ಅವನ ಬಾಯಲ್ಲಿ.
ಬಾವಿಕಟ್ಟೆಯ ಮೇಲೊಬ್ಬಳು ಮುದುಕಿ,
ಮೂರು ಕಣ್ಣು, ಮೂರಕ್ಕೂ ಪೊರೆ.
"ಯಾವೂರು ಮಗಾ?" ಅಂತಾಳೆ.
ಹುಡುಗಿ ಅಂತಾಳೆ, "ಅರಸೀಕೆರೆ".
ಹೆಂಚು ಹಾರಿಹೋಗುವ ಹಾಗೆ ಚಪ್ಪಾಳೆ.
"ನಿಮ್ಮಲ್ಲಿ ತೆಂಗಿನ ಮರ ಇದಾವಂತೆ,
ಇಲ್ಲಿ ನೋಡು, ತಲೆ ಮರೆಸೋಕೆ ಒಂದು ನೆರಳಿಲ್ಲ.
ಇರೋದ್ರಲ್ಲಿ ಒಂದು ಕೊಟ್ಟು ಹೋಗ್ತೀಯಾ?"
ಹುಡುಗಿ ತನ್ನ ನೆರಳನ್ನು ಕಾಲಿಂದ ಬಿಚ್ಚಿ,
ಸೀರೆ ಮಡಿಸಿದ ಹಾಗೆ ಮಡಿಸಿ ಕೊಟ್ಟಳು.
ಮುದುಕಿ ಷೂ ಕೊಟ್ಟಳು.

ಹದಿನೈದು ನಿಮಿಷವೋ, ಅರ್ಧ ಗಂಟೆಯೋ.
ಶಂಟಿಂಗ್ ಎಂಜಿನ್ನು ಕೂಗಿದರೆ ಕಥೆ ನಿಲ್ಲಿಸಿ
ಕೂಗು ಮುಗಿದ ಮೇಲೆ ಬಿಟ್ಟ ಮಾತಿನಿಂದಲೇ ಹಿಡಿಯುತ್ತಿದ್ದ.

ನಾಲ್ಕನೇ ರೀಲಿನಲ್ಲಿ ಎಲ್ಲರೂ ಊಟದ ಮೇಜಿನ ಸುತ್ತ.
ಹುಡುಗಿಗೆ ಎರಡೂ ಷೂ ಇತ್ತು!
ಜುಬೇದಾ ನನ್ನ ತೊಡೆ ಚಿವುಟಿ
"ನೆರಳು ನೋಡೇ" ಅಂದಳು.
ನೋಡಿದೆವು.
ಮೇಜಿನಡಿ ಕತ್ತಲು, ಗೊತ್ತಾಗಲಿಲ್ಲ.

ಆಮೇಲಿನ ಹುಣ್ಣಿಮೆಗೆ ಕ್ವಾರ್ಟರ್ಸಿನ ಹಿಂದೆ
ಒಬ್ಬರ ನೆರಳು ಒಬ್ಬರು ತುಳಿಯದೆ ನಡೆದೆವು.
ನನ್ನ ತಮ್ಮ ಮರಿಸ್ವಾಮಿ ತನ್ನದನ್ನು
ಗೋಣಿಚೀಲಕ್ಕೆ ತುಂಬಲು ಹೋಗಿ ಬಿದ್ದು
ಮುಂದಿನ ಹಲ್ಲು ಮುರಿದುಕೊಂಡ. ಇವತ್ತಿಗೂ
ನಕ್ಕರೆ ಅಲ್ಲಿ ಚಂದ್ರ ಕಾಣುತ್ತದೆ.

ಡೀಸೆಲ್ ಬಂದ ವರ್ಷ ಅರುಳಪ್ಪನಿಗೆ ಗುಂತಕಲ್ಲಿಗೆ ವರ್ಗವಾಯಿತು.

ಸಿನಿಮಾದ ಹೆಸರು ನನಗೆ ಯಾವತ್ತೂ ಗೊತ್ತಿರಲಿಲ್ಲ.
ಮೊನ್ನೆ ಮೊಮ್ಮಗ ನೀರಿನ ಟ್ಯಾಂಕು, ಬಾತುಕೋಳಿ, ಚಂದ್ರ
ಅಂತ ಫೋನಿಗೆ ಹೇಳಿ ಹುಡುಕಿಬಿಟ್ಟ.
ಎಡಗೈಯವರೆಲ್ಲ ಬಲಗೈಯವರಾಗಿದ್ದರು,
ಗಡಿಯಾರ ಸರಿಯಾಗಿ ನಡೆಯುತ್ತಿತ್ತು.
ಹುಡುಗಿ ಒಂಟಿಯಾದಾಗ ಕನ್ನಡಕ ಒರೆಸಿಕೊಂಡೆ.

ಬಾವಿ ಇಲ್ಲ. ಮುದುಕಿ ಇಲ್ಲ.
ನೆರಳು ಅಪ್ಪನದೇ, ಬಂದು ಎತ್ತಿಕೊಳ್ಳುತ್ತಾನೆ.
ಷೂ ಬಾತುಕೋಳಿಗೆ ಸಿಗುತ್ತದೆ.
ಉಳಿದದ್ದೆಲ್ಲ ಯಂತ್ರ ರಿಪೇರಿ.

ಅರುಳಪ್ಪ ಹುಬ್ಬಳ್ಳಿಯಲ್ಲಿ ಏನನ್ನೂ ನೋಡಿರಲಿಲ್ಲ.
ಷೂ ಸಿಗುತ್ತದೆಂದು ಮಾತ್ರ ಹೇಗೆ ಗೊತ್ತಾಯಿತೋ.
"ಸಿಗಲೇಬೇಕಲ್ಲ ಅಜ್ಜಿ, ಸಿನಿಮಾ ಅಲ್ವಾ" ಅಂದ ಮೊಮ್ಮಗ.

ಫೋನು ಈಸಿಕೊಂಡು ತಿರುಗಿಸಿ ಹಿಡಿದೆ.
ಕಪ್ಪು ಬೆನ್ನು, ಒಂದು ಗೀರು.
"ಏನು ಹುಡುಕ್ತಿದೀ?"
ಏನಿಲ್ಲ ಕಣೋ,
ಈ ಬದಿಯಿಂದ ಕಾಣುತ್ತಾ ಅಂತ.